ರೀಲಿಲ್ಲದ ಕ್ಯಾಮೆರಾ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ದೊಡ್ಡಬಳ್ಳಾಪುರದ ಹಳೇ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ. ಗಂಡ ಸತ್ತ ಮೇಲೆ ಒಂಬತ್ತು ವರ್ಷ ಒಬ್ಬಳೇ ಫೋಟೋ ಸ್ಟುಡಿಯೋ ನಡೆಸಿದ ಹೆಂಗಸಿಗೆ ಕೋಪ ಬಿಟ್ಟರೆ ಬೇರೆ ಕಾವಲು ಯಾರಿದ್ದರು? ಆದರೆ ತೊಂಬತ್ತೊಂಬತ್ತನೇ ಇಸವಿಯ ಆಯುಧಪೂಜೆಯ ದಿನ, ನನ್ನ ತಮ್ಮ ಕಾಂತರಾಜುವನ್ನು ನನ್ನದೇ ಅಂಗಡಿಯ ಹೊಸ್ತಿಲ ಮೇಲೆ ಕೆಡವಿಕೊಂಡು ನಾಲ್ಕು ಜನ ತುಳಿಯುತ್ತಿದ್ದಾಗ, ಆ ಕೋಪ ಗಂಟಲಲ್ಲೇ ಸಿಕ್ಕಿಕೊಂಡಿತು. ಬಾಯಿಂದ ಒಂದು ಬೈಗುಳವೂ ಹೊರಡಲಿಲ್ಲ.

ಅವರಲ್ಲಿ ಮುಂದಿದ್ದವನು ಅನಿಲ್‌ಕುಮಾರ್. ಇಪ್ಪತ್ತನಾಲ್ಕು ಮಗ್ಗದ ಶೆಡ್ಡಿನ ಮಾಲೀಕ ವೆಂಕಟರಾಯಪ್ಪನ ಒಬ್ಬನೇ ಮಗ. ಹಬ್ಬಕ್ಕೆಂದು ಹಾಕಿದ್ದ ಬಿಳಿ ಜುಬ್ಬಾದ ಎದೆಯೆಲ್ಲ ಕೆಂಪಾಗಿತ್ತು. ಮೊದಲು ಕುಂಕುಮದ ನೀರು ಎಂದುಕೊಂಡೆ. ಹತ್ತಿರ ಬಂದಾಗ ವಾಸನೆ ಗೊತ್ತಾಯಿತು.

"ರೀಲ್ ತೆಗಿಯೋ ಬೋಳಿಮಗನೇ, ರೀಲ್ ಎಲ್ಲೋ?" ಎನ್ನುತ್ತ ಅವನು ಕಾಂತರಾಜುವಿನ ಕೊರಳಿಗೆ ನೇತುಬಿದ್ದಿದ್ದ ಕ್ಯಾಮೆರಾವನ್ನು ಪಟ್ಟಿ ಸಮೇತ ಎಳೆದ. ಪಟ್ಟಿ ಕಿತ್ತು ಬರುವಷ್ಟರಲ್ಲಿ ನನ್ನ ತಮ್ಮನ ಕಣ್ಣು ಮೇಲಕ್ಕೆ ತೇಲಿತ್ತು. ಕ್ಯಾಮೆರಾವನ್ನು ನೆಲಕ್ಕೆ ಅಪ್ಪಳಿಸಿದ. ಒಂದೇ ಸಲಕ್ಕೆ ಒಡೆಯಲಿಲ್ಲ. ಹೊಸ್ತಿಲಿಗೆ ಇಟ್ಟು ಬೂಟಿನ ಹಿಮ್ಮಡಿಯಿಂದ ಗುದ್ದಿದ. ಆಮೇಲೆ ಕೂತು, ಕೋಳಿಯ ಹೊಟ್ಟೆ ಬಗೆಯುವವನ ಹಾಗೆ ಬೆರಳು ಹಾಕಿ ಹುಡುಕಿದ. ರೀಲು ಇಡುವ ಜಾಗವೇ ಅಲ್ಲಿ ಇರಲಿಲ್ಲ.

"ರೀಲೇ ಹಾಕಿಲ್ಲ ಕಣ್ರೋ! ಖಾಲಿ ಡಬ್ಬಿ ಹಿಡ್ಕಂಡು ಸ್ಟೈಲ್ ಮಾಡವ್ನೆ" ಎಂದು ನಕ್ಕ. ಉಳಿದವರೂ ನಕ್ಕರು. ನಗುತ್ತಲೇ ಒಬ್ಬ ಕಾಂತರಾಜುವಿನ ಪಕ್ಕೆಗೆ ಒದ್ದ. ಒಳಗೆ ಏನೋ ಮುರಿದ ಸದ್ದು ನನಗೂ ಕೇಳಿಸಿತು.

ಅಷ್ಟಕ್ಕೆ ಬಿಟ್ಟರೇ? ಅನುಮಾನ ಉಳಿಯುವುದು ಬೇಡವೆಂದು ನನ್ನ ಕಪಾಟಿನಲ್ಲಿದ್ದ ರೀಲುಗಳನ್ನೆಲ್ಲ ಎಳೆದು ಬೀದಿಯ ಬಿಸಿಲಿಗೆ ಹರವಿದರು. ಮೂರು ಮದುವೆ, ಒಂದು ಗೃಹಪ್ರವೇಶ, ಹೈಸ್ಕೂಲಿನ ಗ್ರೂಪ್ ಫೋಟೋ, ಇನ್ನೂ ತೊಳೆಯದ ರೀಲುಗಳೆಲ್ಲ ಎರಡು ನಿಮಿಷದಲ್ಲಿ ಬೆಳಕು ಬಿದ್ದು ಸುಟ್ಟುಹೋದವು. ಮನೆ ಹಾಳು ಮಾಡೋರಿಗೆ ಅದು ಯಾರ ಮನೆಯಾದರೇನು. ಹೋಗುವಾಗ ಅನಿಲ್‌ಕುಮಾರ್ ನನ್ನತ್ತ ತಿರುಗಿ, "ಕೊಂಡಪ್ಪನ್ನ ಕಡಿದಿರೋದು ನಿನ್ ತಮ್ಮ. ಆರು ಜನ ನೋಡವ್ರೆ. ಪೊಲೀಸ್ನೋರು ಬರ್ತಾವ್ರೆ, ಕಾಫಿ ಇಟ್ಟಿರು" ಎಂದ.

ನಡೆದದ್ದನ್ನು ಕಾಂತರಾಜು ನನ್ನ ಮಡಿಲಲ್ಲಿ ತಲೆಯಿಟ್ಟು ತೊದಲುತ್ತ ಹೇಳಿದ. ಕೊಂಡಪ್ಪ ವೆಂಕಟರಾಯಪ್ಪನ ಶೆಡ್ಡಿನ ಮೇಸ್ತ್ರಿ. ಆಯುಧಪೂಜೆಯ ದಿನ ಶೆಡ್ಡಿನ ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆಯುವುದು ಹದಿನೈದು ವರ್ಷದಿಂದ ಅವನ ಕೈಯ ಕೆಲಸ. ಈ ಸಲ ಬೆಂಗಳೂರಿಂದ ಸ್ನೇಹಿತರು ಬಂದಿದ್ದರಲ್ಲ, ತಾನೇ ಒಡೆಯುತ್ತೇನೆ, ಪೂಜೆಯ ಫೋಟೋಕ್ಕೆ ಕರೆಸಿದ್ದ ಕಾಂತರಾಜು ಫೋಟೋ ತೆಗೆಯಲಿ ಎಂದು ಅನಿಲ್‌ಕುಮಾರ್ ಹಟ ಹಿಡಿದ. "ಯಜಮಾನ್ರ ಮಗ ಒಡೀಬಾರ್ದು ಅಪ್ಪಾ, ದೃಷ್ಟಿ ನಿಮಗೇ ತಿರುಗತ್ತೆ" ಎಂದು ಕೊಂಡಪ್ಪ ಕಾಯನ್ನು ಬಿಡಲಿಲ್ಲ. ಎಳೆದಾಟದಲ್ಲಿ ಅನಿಲ್‌ಕುಮಾರ್ ಕುಂಕುಮದ ರಾಡಿಯಲ್ಲಿ ಜಾರಿ ಅಂಡೂರಿ ಬಿದ್ದ. ಸ್ನೇಹಿತರು ಕಿಸಕ್ಕನೆ ನಕ್ಕರು. ಅಷ್ಟೇ. ದೇವಿಯ ಮುಂದೆ ಹೂವು ಮುಡಿಸಿ ಇಟ್ಟಿದ್ದ ಮಚ್ಚು ಅವನ ಕೈಗೆ ಸಿಕ್ಕಿತು.

"ಎಲ್ಲಾ ತೆಗ್ದಿದೀನಿ ಅಕ್ಕಾ. ಅವ್ರ ಮುಂದೇನೇ ಅಂದ್ಬಿಟ್ಟೆ, ಎಲ್ಲಾ ಫೋಟೋದಲ್ಲಿ ಬಂದೈತೆ ಅಂತ" ಎಂದ.

"ಅಯ್ಯೋ ಪೆದ್ದುಮುಂಡೇದೇ! ಹುಲಿಯ ಮುಂದೆ ನಿಂತು ಯಾರಾದರೂ ಬೋನು ತಂದಿದ್ದೀನಿ ಅಂತಾರಾ?" ಎಂದೆ. ಅವನನ್ನೂ ಬೈದೆ, ಬೀದಿಯಲ್ಲಿ ಗುಂಪು ಕಟ್ಟಿ ನೋಡುತ್ತಿದ್ದ ಗಂಡಸರನ್ನೂ ಬೈದೆ. ಅಷ್ಟರಲ್ಲಿ ಜೀಪು ಬಂತು. ಬಂದವರು ಒಂದು ಮಾತೂ ಕೇಳದೆ, ಮುರಿದ ಪಕ್ಕೆಯಿರುವವನ ತೋಳು ಹಿಡಿದು ಎತ್ತಿ, ಮೂಟೆ ಎಸೆದಂತೆ ಜೀಪಿಗೆ ಎಸೆದರು. ಕೊಂಡಪ್ಪನ ಹೆಂಡತಿ ಮಾರಕ್ಕ ಆಗಲೇ ದೂರಿಗೆ ಹೆಬ್ಬೆಟ್ಟು ಒತ್ತಿದ್ದಳಂತೆ. ಕಡಿಯುವಾಗ ಅವಳು ಅಲ್ಲಿರಲಿಲ್ಲ. ಓಡಿ ಬಂದಾಗ ಕಂಡದ್ದು ನೆಲದ ಮೇಲೆ ಗಂಡ, ಅಂಗಿಗೆ ರಕ್ತ ಸಿಡಿಸಿಕೊಂಡು ಓಡುತ್ತಿದ್ದ ನನ್ನ ತಮ್ಮ. ಅದರ ಮೇಲೆ ವೆಂಕಟರಾಯಪ್ಪ ಪಕ್ಕದಲ್ಲಿ ಕೂತು ಹೇಳಿಕೊಟ್ಟ.

ಜೀಪು ಹೋದ ಮೇಲೆ ಚೂರಾದ ಕ್ಯಾಮೆರಾವನ್ನು ಮೊರದಲ್ಲಿ ಬಾಚಿದೆ. ಆ ಕ್ಯಾಮೆರಾ ಕಾಂತರಾಜು ಮೂರು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಯಾರಿಂದಲೋ ಕೊಂಡು ತಂದ ಹೊಸ ನಮೂನೆಯದು. ಅದಕ್ಕೆ ರೀಲೇ ಬೇಡ. ಒಳಗೊಂದು ಕಾರ್ಡು, ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದು, ಒಂದು ಮುಖ ಕಪ್ಪು, ಇನ್ನೊಂದು ಮುಖದಲ್ಲಿ ಚಿನ್ನದ ಬಣ್ಣದ ಚೌಕ. ಫೋಟೋಗಳೆಲ್ಲ ಅದರೊಳಗೇ ಕೂರುತ್ತವೆ, ಆಮೇಲೆ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಇದು ಊರಿನಲ್ಲಿ ಗೊತ್ತಿದ್ದದ್ದು ಮೂರೇ ಜನಕ್ಕೆ: ಅವನಿಗೆ, ನನಗೆ, ನಮ್ಮಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಸಿಂಧುವಿಗೆ. ಚೂರುಗಳ ನಡುವೆ ಆ ಕಾರ್ಡು ಒಂದು ಗೀರೂ ಇಲ್ಲದೆ ಕೂತಿತ್ತು.

ನನ್ನ ತಮ್ಮನ ಪ್ರಾಣ ನನ್ನ ಅಂಗೈಯಲ್ಲಿತ್ತು. ಸಿಂಧು ಹಬ್ಬಕ್ಕೆ ರಜೆ ಹಾಕಿ ಮಾಕಳಿಯ ಚಿಕ್ಕಮ್ಮನ ಮನೆಗೆ ಹೋಗಿದ್ದಳು, ಬರುವುದು ಮಾರನೆಯ ದಿನ. ಅಂಗಡಿಯ ಪೂಜೆ ಇನ್ನೂ ಆಗಿರಲಿಲ್ಲ. ತಟ್ಟೆಯಲ್ಲಿ ಅರಿಶಿನ ಕುಂಕುಮ ಕಲಸಿಟ್ಟದ್ದು ಹಾಗೇ ಇತ್ತು. ಕ್ಯಾಮೆರಾ ಇದ್ದಿದ್ದರೆ ಕ್ಯಾಮೆರಾಕ್ಕೆ ಹಚ್ಚುತ್ತಿದ್ದೆ. ಇಲ್ಲವಲ್ಲ. ಕಾರ್ಡನ್ನೇ ದೇವಿಯ ಪಟದ ಮುಂದೆ ಇಟ್ಟೆ. ಚಿನ್ನದ ಮುಖವೇ ಲಕ್ಷ್ಮಿಯ ಮುಖ ಅಂದುಕೊಂಡು ಅದಕ್ಕೆ ಅರಿಶಿನ ಬಳಿದು, ಕುಂಕುಮ ಇಟ್ಟು, ಒಂದು ಸೇವಂತಿಗೆ ಹೂವು ಏರಿಸಿ, "ತಾಯೀ, ಇದರೊಳಗಿರೋದನ್ನ ಕಾಪಾಡು" ಎಂದು ಅತ್ತೆ. ಬುದ್ಧಿ ಬೇಡವೇ ಮನುಷ್ಯಳಿಗೆ!

ಸಂಜೆ ಸ್ಟೇಷನ್ನಿಗೆ ಊಟ ತೆಗೆದುಕೊಂಡು ಹೋದೆ. ಒಳಗೆ ಬಿಡಲಿಲ್ಲ. ಹಿಂದಿನ ಕೋಣೆಯಿಂದ ಲಾಠಿಯ ಸದ್ದು ಬರುತ್ತಿತ್ತು. ಅಂಗಾಲಿಗೆ ಹೊಡೆಯುವ ಸದ್ದೇ ಬೇರೆ, ಚಪ್ ಚಪ್ ಎನ್ನುತ್ತದೆ. ಪ್ರತಿ ಏಟಿಗೂ ಕಾಂತರಾಜು "ಅಕ್ಕಾ" ಎನ್ನುತ್ತಿದ್ದ. ಅಮ್ಮ ಇಲ್ಲದ ಹುಡುಗ, ಹಾಗೇ ಅಭ್ಯಾಸ. ನಾನು ಎಣಿಸಲಿಲ್ಲ. ಬುತ್ತಿಯನ್ನು ಕಾನ್‌ಸ್ಟೇಬಲ್ ತಿಂದ.

ವಿಜಯದಶಮಿಯ ಬೆಳಿಗ್ಗೆ ಎಂಟಕ್ಕೆಲ್ಲ ಸಿಂಧು ಬಂದಳು. ಇಪ್ಪತ್ತೆರಡು ವರ್ಷದ ಹುಡುಗಿ, ಡಿಟಿಪಿ ಕಲಿತವಳು, ಯಾರಿಗೂ ಹೆದರದವಳು. ಕಾರ್ಡನ್ನು ಸೆರಗಿನಿಂದ ಚೆನ್ನಾಗಿ ಒರೆಸಿ ಅವಳ ಕೈಗಿಟ್ಟೆ. ಅದನ್ನು ಓದಲು ಫ್ಲಾಪಿಯ ಆಕಾರದ್ದೇ ಒಂದು ಡಬ್ಬಿ ಇತ್ತು. ಕಾರ್ಡನ್ನು ಅದರ ಹೊಟ್ಟೆಗೆ ತೂರಿಸಿ, ಡಬ್ಬಿಯನ್ನು ಫ್ಲಾಪಿ ಹಾಕುವ ಬಾಯಿಗೆ ಹಾಕಬೇಕು. ಹಾಕಿದಳು. ಕಂಪ್ಯೂಟರು ಗರ್ ಗರ್ ಎಂದಿತು. ಪರದೆಯ ಮೇಲೆ ಒಂದು ಚೌಕ ಬಂತು.

"ಏನಂತೆ?"

"ಡಿಸ್ಕು ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡ್ಲಾ ಅಂತ ಕೇಳ್ತಿದೆ."

"ಮಾಡು ಅನ್ನು ಮತ್ತೆ, ಕೇಳ್ತಿದೆಯಲ್ಲ!" ಎಂದು ಮೌಸಿಗೆ ಕೈ ಹಾಕಿದೆ. ಸಿಂಧು ನನ್ನ ಕೈಯ ಮೇಲೆ ಫಟ್ಟನೆ ಹೊಡೆದಳು. ಕೆಲಸಕ್ಕಿರುವ ಹುಡುಗಿ ನನಗೆ ಹೊಡೆದದ್ದು ಅದೇ ಮೊದಲು.

"ಅಕ್ಕಾ! ಹೂಂ ಅಂದ್ರೆ ಎಲ್ಲಾ ಒರೆಸ್ಕೊಂಡು ಹೋಗ್ಬಿಡತ್ತೆ. ನೀವು ಆ ಕಡೆ ಕೂತ್ಕೊಳ್ಳಿ."

ಕೂತೆ. ಅವಳು ಮೊದಲು ಡಬ್ಬಿಯೊಳಗಿನ ಎರಡು ಗುಂಡು ಸೆಲ್ಲು ಬದಲಿಸಬೇಕೆಂದಳು. ಎದುರಿನ ವಾಚ್ ರಿಪೇರಿಯವನ ಅಂಗಡಿ ಮುಚ್ಚಿತ್ತು. ಮನೆಗೇ ಹೋಗಿ ಹಲ್ಲುಜ್ಜುತ್ತಿದ್ದವನನ್ನು ಎಳೆದು ತಂದು ಸೆಲ್ಲು ತೆಗೆಸಿದೆ. ಹಾಕಿ ನೋಡಿದರೆ ಅದೇ ಚೌಕ. ಫ್ಲಾಪಿಯ ಬಾಯಿಯೊಳಗಿನ ಧೂಳು ಊದಿದಳು, ಅದೇ ಚೌಕ. ಡಬ್ಬಿಯ ಜೊತೆ ಬಂದಿದ್ದ ಸಾಫ್ಟ್‌ವೇರನ್ನು ತೆಗೆದು ಮತ್ತೆ ಹಾಕಿ, ಕಂಪ್ಯೂಟರನ್ನು ಆರಿಸಿ ಹೊತ್ತಿಸಿದಳು. ಮತ್ತೆ ಅದೇ. ಅಷ್ಟೊತ್ತಿಗೆ ಹನ್ನೊಂದಾಗಿತ್ತು. ನನಗೆ ಕಂಪ್ಯೂಟರಿನ ತಲೆಗೆ ಒಂದು ಬಿಡಬೇಕೆನಿಸುತ್ತಿತ್ತು.

ಆಮೇಲೆ ಅವಳು ಮೇಜಿನ ಖಾನೆಯಿಂದ ಹಳೆಯ ಕಾರ್ಡೊಂದನ್ನು ತೆಗೆದು ಹಾಕಿದಳು. ಅದು ತಕ್ಷಣ ತೆರೆದುಕೊಂಡಿತು, ಗಣಪತಿ ಹಬ್ಬದ ಫೋಟೋಗಳು.

"ನೋಡಿ ಅಕ್ಕಾ. ಡಬ್ಬಿ ಚೆನ್ನಾಗಿದೆ, ಕಂಪ್ಯೂಟರ್ ಚೆನ್ನಾಗಿದೆ. ಅಂದ್ರೆ ತೊಂದ್ರೆ ಈ ಕಾರ್ಡಲ್ಲೇ. ಆ ರೌಡಿಗಳು ತುಳಿದಾಗ ಒಳಗೇನಾದ್ರೂ..." ಎಂದು ಅದನ್ನು ಬಿಸಿಲಿಗೆ ಹಿಡಿದಳು. ತಿರುಗಿಸಿದಳು. ಉಗುರಿನಿಂದ ಚಿನ್ನದ ಮುಖವನ್ನು ಕೆರೆದು ಉಗುರು ನೋಡಿಕೊಂಡಳು.

"ಅಕ್ಕಾ, ಇದಕ್ಕೆ ಏನ್ ಮಾಡಿದ್ರಿ?"

"ಏನೂ ಮಾಡ್ಲಿಲ್ಲ. ಪೂಜೆ ಮಾಡ್ದೆ."

"ಅರಿಶಿನ?"

ನಾನು ತಲೆ ಆಡಿಸಿದೆ. ಚಿನ್ನದ ಮೇಲೆ ಅರಿಶಿನ ಕೂತರೆ ಯಾರಿಗೆ ಕಾಣುತ್ತದೆ, ಎರಡೂ ಒಂದೇ ಬಣ್ಣ! ಒರೆಸಿದ್ದೆನಲ್ಲ ಎಂದುಕೊಂಡಿದ್ದೆ, ಒರೆಸಿದಷ್ಟೂ ಅದು ತೆಳ್ಳಗೆ ಹರಡಿ ಒಣಗಿ ಕೂತಿತ್ತು. ನನ್ನ ತಮ್ಮ ಅಂಗಾಲಿಗೆ ಏಟು ತಿನ್ನುತ್ತಿರುವಾಗ ಅವನನ್ನು ಬಿಡಿಸುವ ಬಾಗಿಲಿಗೆ ನಾನೇ ಅರಿಶಿನ ಬಳಿದು ಬೀಗ ಹಾಕಿದ್ದೆ. ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ, ಎರಡು ಸಲ.

"ಅದನ್ನ ಆಮೇಲೆ ಮಾಡ್ಕೊಳ್ಳಿ. ನೆಗೆಟಿವ್ ಒರೆಸೋ ಸ್ಪಿರಿಟ್ ಎಲ್ಲಿದೆ?" ಎಂದಳು ಸಿಂಧು.

ಹತ್ತಿಗೆ ಸ್ಪಿರಿಟ್ ಅದ್ದಿ, ಒಂದೇ ದಿಕ್ಕಿಗೆ, ಕೂಸಿನ ಕಣ್ಣು ಒರೆಸುವಷ್ಟು ಮೆತ್ತಗೆ ಒರೆಸಿದಳು. ಆರು ಹತ್ತಿ ಹಳದಿಯಾದವು. ಏಳನೆಯದು ಬಿಳಿಯಾಗೇ ಬಂತು. ಕಾರ್ಡು ಹಾಕಿದಳು. ಚೌಕ ಬರಲಿಲ್ಲ. ಫೋಟೋಗಳ ಹೆಸರಿನ ಪಟ್ಟಿ ಸಾಲಾಗಿ ಇಳಿಯಿತು. ನಾನು ಅವಳ ತಲೆಗೆ ಮುತ್ತಿಟ್ಟೆ. ಒಂದೊಂದು ಫೋಟೋ ಕಂಪ್ಯೂಟರಿಗೆ ಇಳಿಯಲು ಸುಮಾರು ಅರ್ಧ ನಿಮಿಷ ಬೇಕಾಗುತ್ತಿತ್ತು. ಮಗ್ಗಕ್ಕೆ ಹಾಕಿದ ಹಾರ, ದೇವಿಯ ಪಟ, ಅನಿಲ್‌ಕುಮಾರನ ಸ್ನೇಹಿತರ ಹಲ್ಲು. ನಮಗೆ ಬೇಕಾದ ಫೋಟೋಗಳೇ ಕೊನೆಗೆ ಉಳಿದಿದ್ದವು.

ಆಗಲೇ ಶಟರ್ ಮೇಲೆ ದಬದಬ ಸದ್ದಾಯಿತು. ಅರ್ಧ ಇಳಿಸಿದ್ದ ಶಟರನ್ನು ಎತ್ತಿ ಅನಿಲ್‌ಕುಮಾರ್ ಒಳಗೆ ಬಂದ. ಹಿಂದೆ ಇನ್ನಿಬ್ಬರು. ಬೆಂಗಳೂರಿನ ಸ್ನೇಹಿತರಲ್ಲಿ ಯಾವನಿಗೋ ರಾತ್ರಿ ಬುದ್ಧಿ ಬಂದಿರಬೇಕು, ರೀಲಿಲ್ಲದ ಕ್ಯಾಮೆರಾ ಎಂದರೆ ಏನೆಂದು.

"ಕಾರ್ಡ್ ಕೊಡಮ್ಮ. ಕೊಟ್ರೆ ಸುಮ್ನೆ ಹೋಗ್ತೀನಿ."

"ಯಾವ ಕಾರ್ಡೋ? ರೇಷನ್ ಕಾರ್ಡಾ?" ಎಂದೆ.

ಅವನು ನನ್ನ ಬಾಯಿಗೆ ಗುದ್ದಿದ. ಮುಂದಿನ ಹಲ್ಲೊಂದು ನಾಲಿಗೆಯ ಮೇಲೆ ಬಂದು ಕೂತಿತು. ಉಗಿಯುವಷ್ಟರಲ್ಲಿ ಅವನು ಸಿಂಧುವಿನ ಜಡೆ ಹಿಡಿದು ಕುರ್ಚಿ ಸಮೇತ ಹಿಂದಕ್ಕೆ ಎಳೆದಿದ್ದ. ಅವಳ ತಲೆ ಗೋಡೆಗೆ ಬಡಿಯಿತು. ಬಡಿದರೂ ಆ ಹುಡುಗಿ ಎರಡೂ ಕಾಲಿನಿಂದ ಮೇಜನ್ನು ಒದ್ದು ಕಂಪ್ಯೂಟರಿನ ಡಬ್ಬವನ್ನು ಮೂಲೆಗೆ ತಳ್ಳಿ ಅದರ ಮೇಲೆ ಕವುಚಿಕೊಂಡಳು. ಅವನು ಅವಳ ಬೆನ್ನಿಗೆ ಒದೆಯತೊಡಗಿದ. ಒಂದು, ಎರಡು, ಮೂರು. ಅವಳು ಬಿಡಲಿಲ್ಲ.

ಗಂಟಲಲ್ಲಿ ಸಿಕ್ಕಿಕೊಂಡಿದ್ದ ನಿನ್ನೆಯ ಕೋಪ ಆಗ ಕೈಗಿಳಿಯಿತು. ಲೈಟು ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡು ನನ್ನ ಯಜಮಾನರ ಕಾಲದ್ದು, ಈಗಿನ ಹಾಗೆ ಹಗುರ ಅಲ್ಲ. ಎರಡೂ ಕೈಯಲ್ಲಿ ಎತ್ತಿ, ಕಾಲು ಎತ್ತಿದ್ದವನ ಮಂಡಿಯ ಮೇಲೆ ಬಿಟ್ಟೆ. ಒಣ ಸೌದೆ ಮುರಿದಂತೆ ಸದ್ದಾಯಿತು. ಅವನು ಬಿದ್ದು ಕಿರುಚಿದ. ಕಿರುಚುತ್ತ ಜೇಬಿಗೆ ಕೈ ಹಾಕಿದ; ಜೇಬಿನಲ್ಲಿ ಚಾಕುವೋ ಇನ್ನೇನೋ, ನೋಡಲು ನಾನು ಕಾಯಲಿಲ್ಲ. ಮಣಿಕಟ್ಟಿಗೆ ಇನ್ನೊಂದು ಹಾಕಿದೆ. ಕೈ ಬೇಡದ ಕಡೆಗೆ ತಿರುಗಿ ಜೋತುಬಿತ್ತು. ಹಿಂದಿದ್ದವರಲ್ಲಿ ಒಬ್ಬ ಬಂದು ನನ್ನ ಕೊರಳು ಹಿಡಿದ, ಅವನ ಕಿವಿ ನನ್ನ ಬಾಯಿಗೆ ಸಿಕ್ಕಿತು. ಉಳಿದ ಹಲ್ಲುಗಳಿಗೆ ಕೆಲಸ ಕೊಟ್ಟೆ.

ಇಷ್ಟಾದ ಮೇಲೆ ನಮ್ಮ ಬೀದಿಯ ಗಂಡಸರಿಗೆ ಪೌರುಷ ಬಂತು. ವಾಚ್ ರಿಪೇರಿಯವನು, ಹೂವಿನವನು, ಟೀ ಅಂಗಡಿಯವನು ಎಲ್ಲ ನುಗ್ಗಿದರು. ಅನಿಲ್‌ಕುಮಾರನನ್ನು ಅವನ ಕಡೆಯವರು ಹೊತ್ತುಕೊಂಡು ಓಡಿದರು. "ನಿನ್ ತಮ್ಮನ್ನ ಒಳಗೇ ಮುಗಿಸ್ತೀನಿ ಕಣೇ" ಎಂದು ಅವನು ಆಟೋದಿಂದ ಕೂಗಿದ್ದು ನನಗೆ ಕೇಳಿಸಿತು. ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

ಸಿಂಧು ಎದ್ದು, ಹಣೆಯ ರಕ್ತವನ್ನು ದುಪಟ್ಟಾದಿಂದ ಒತ್ತಿಕೊಂಡು, ಪರದೆ ನೋಡಿದಳು. "ಇಳಿದಿದೆ ಅಕ್ಕಾ, ಪೂರ್ತಿ" ಎಂದಳು. ಕಡಿಯುವ ಹೊತ್ತಿನವು ಹನ್ನೊಂದು ಫೋಟೋ. ನಾನು ನೋಡಿದ್ದು ಒಂದನ್ನೇ. ಅನಿಲ್‌ಕುಮಾರನ ಕೈ ಮೇಲೆ, ಕೈಯಲ್ಲಿ ಮಚ್ಚು, ಮಚ್ಚಿನ ಹಿಡಿಗೆ ಇನ್ನೂ ಹೂವು, ಕೆಳಗೆ ಕೊಂಡಪ್ಪ. ಅಷ್ಟು ಸಾಕಾಯಿತು. ಅದನ್ನು ಪ್ರಿಂಟ್ ಹಾಕಿಸಿಕೊಂಡು, ಬಾಯಲ್ಲಿ ಹತ್ತಿ ತುರುಕಿಕೊಂಡು, ಸ್ಟೇಷನ್ನಿಗೆ ಓಡಿದೆ.

ಸಬ್ ಇನ್ಸ್‌ಪೆಕ್ಟರು ಫೋಟೋವನ್ನು ತಿರುಗಿಸಿ ನೋಡಿದ. "ನೆಗೆಟಿವ್ ಎಲ್ಲಮ್ಮ?"

"ಇದಕ್ಕೆ ನೆಗೆಟಿವ್ ಇರಲ್ಲ ಸಾರ್. ಕಂಪ್ಯೂಟರಿಂದ ಬರೋದು."

"ನೆಗೆಟಿವ್ ಇಲ್ದಿರೋ ಫೋಟೋ ಕೋರ್ಟಲ್ಲಿ ತೋರ್ಸಿದ್ರೆ ಜಡ್ಜು ನನ್ನ ಮುಖಕ್ಕೆ ಎಸೀತಾರೆ. ಕಂಪ್ಯೂಟರಲ್ಲಿ ಯಾರ ತಲೆನ ಯಾರಿಗೆ ಬೇಕಾದ್ರೂ ಅಂಟಿಸ್ತೀರಿ ನೀವು. ಹೋದ್ ತಿಂಗ್ಳು ನಮ್ಮಪ್ಪನ ಫೋಟೋಗೆ ಮೈಸೂರು ಪೇಟ ಹಾಕ್ಕೊಟ್ಟಿದ್ದು ನೀವೇ ತಾನೇ? ಅವರು ಬದುಕಿದ್ದಾಗ ಒಂದಿನಾನೂ ಪೇಟ ಕಟ್ಟಿದೋರಲ್ಲ."

ಅದು ನಿಜ. ಪೇಟ ಚೆನ್ನಾಗಿ ಕೂತಿದೆ ಎಂದು ನಾನೇ ಹೆಮ್ಮೆಪಟ್ಟಿದ್ದೆ.

"ಇನ್ನೊಂದು ವಿಷ್ಯ. ಕೊಂಡಪ್ಪ ಬೆಳಿಗ್ಗೆ ಆಸ್ಪತ್ರೇಲಿ ತೀರ್ಕೊಂಡ. ಈಗಿದು ಕೊಲೆ ಕೇಸು. ದೂರು ಕೊಟ್ಟಿರೋದು ಅವನ ಹೆಂಡ್ತಿ. ಅವಳೇ ಬಂದು, ತಪ್ಪಾಯ್ತು, ಕಡಿದೋನು ಇವನಲ್ಲ ಅಂದ್ರೆ ನಾನೂ ಮೇಲಿನೋರಿಗೆ ಏನಾದ್ರೂ ಬರೀಬಹುದು. ಇಲ್ದಿದ್ರೆ ನಿಮ್ ತಮ್ಮನ್ನ ಮರೆತ್ಬಿಡಿ" ಎಂದ. ಫೋಟೋವನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ಕೊಟ್ಟ.

ಮಣ್ಣು ಮಾಡಿದ ಮೂರನೆಯ ದಿನ ಹಾಲುತುಪ್ಪ ಬಿಟ್ಟು ಬಂದ ಮೇಲೆ ಮಾರಕ್ಕನ ಮನೆಗೆ ಹೋದೆ. ಮಗ್ಗದವರ ಓಣಿ, ಒಂದಂಕಣದ ಮನೆ. ನನ್ನನ್ನು ಕಂಡದ್ದೇ ಒಲೆಯ ಪಕ್ಕದಲ್ಲಿದ್ದ ಕಲ್ಲುಗುಂಡು ತೆಗೆದು ಬೀಸಿದಳು. ಹಣೆಗೆ ಬಿತ್ತು. ಕಣ್ಣಿನೊಳಕ್ಕೆ ರಕ್ತ ಇಳಿಯಿತು.

"ನನ್ ಗಂಡನ್ನ ತಿಂದೋನ ಅಕ್ಕ ಬಂದವ್ಳೆ! ಇನ್ನೇನೇ ಬೇಕು ನಿಂಗೆ?"

ಬೇರೆ ದಿನವಾಗಿದ್ದರೆ ಅದೇ ಕಲ್ಲು ತಿರುಗಿ ಹೋಗುತ್ತಿತ್ತು. ಅವತ್ತು ಒರೆಸಿಕೊಳ್ಳಲೂ ಇಲ್ಲ. "ಇನ್ನೊಂದು ಹೊಡಿ ಮಾರಕ್ಕ. ಹೊಡೆದಾದ್ಮೇಲೆ ಅಂಗಡಿಗೆ ಬಂದು ಒಂದ್ಸಲ ನೋಡು. ನೋಡಿದ್ಮೇಲೂ ನನ್ನ ತಮ್ಮನೇ ಅಂದ್ರೆ ನಾನೇ ಅವನಿಗೆ ಹಗ್ಗ ತಂದುಕೊಡ್ತೀನಿ" ಎಂದೆ. ಅವಳು ಸೆರಗು ತಲೆಗೆ ಎಳೆದುಕೊಂಡು ಹಿಂದೆ ಬಂದಳು.

ಸಿಂಧು ಒಂದೊಂದಾಗಿ ತೋರಿಸಿದಳು. ಹನ್ನೊಂದನ್ನೂ ನಾನು ನೋಡಿದ್ದು ಅದೇ ಮೊದಲು. ಮಚ್ಚು ಎತ್ತಿದ್ದು. ಮಚ್ಚು ಭುಜಕ್ಕೆ ಇಳಿದದ್ದು. ಕೊಂಡಪ್ಪ ಮಂಡಿಯೂರಿ ಕ್ಯಾಮೆರಾದ ಕಡೆಗೆ ಕೈ ಚಾಚಿದ್ದು, ಬಾಯಿ ತೆರೆದಿತ್ತು, ಯಾರನ್ನೋ ಕರೆಯುತ್ತಿದ್ದ. ಮುಂದಿನದರಲ್ಲಿ ಕೈ ಇನ್ನೂ ಚಾಚಿಯೇ ಇತ್ತು, ಇನ್ನೂ ಹತ್ತಿರ, ಬೆರಳು ಮಸುಕಾಗುವಷ್ಟು. ಅದರ ಮುಂದಿನದರಲ್ಲಿ ಎರಡನೆಯ ಏಟು ಕುತ್ತಿಗೆಗೆ. ಆಮೇಲೆ ನೆಲ. ನೆಲದ ಮೇಲಿನವೇ ಆರು. ಮಾರಕ್ಕ ಅಳಲಿಲ್ಲ. ಗಂಡನ ಮುಖ ಬಂದ ಕಡೆಯೆಲ್ಲ ಪರದೆಯ ಗಾಜನ್ನು ಬೆರಳಿನಿಂದ ಮುಟ್ಟಿದಳು.

"ವೆಂಕಟರಾಯಪ್ಪ ನನ್ ಪಕ್ಕದಲ್ಲೇ ಕುಂತು ಹೇಳ್ಕೊಟ್ಟ" ಎಂದಳು. "ಅವನ ಮಗನ ಕೈಲಿ ನನ್ ಗಂಡನ ರಕ್ತ ಇನ್ನೂ ಒಣಗಿರ್ಲಿಲ್ಲ. ಅವನ ಮನೆ ಬೂದಿಯಾಗ! ನಡಿ, ಎಲ್ಲಿ ಬರ್ಬೇಕೋ ಬರ್ತೀನಿ. ಯಾವ ದೊಡ್ಡ ಸಾಹೇಬ್ರ ಮುಂದೆ ಬೇಕಾದ್ರೂ ಹೇಳ್ತೀನಿ."

ನನಗೆ ನೆಲಕ್ಕೆ ಕುಸಿದು ಅವಳ ಕಾಲು ಹಿಡಿಯುವಷ್ಟು ಸಮಾಧಾನವಾಯಿತು. ಕಾಂತರಾಜು ಉಳಿದ! ಸಿಂಧು ಕಂಪ್ಯೂಟರ್ ಆರಿಸಲು ಹೊರಟಳು. ಮಾರಕ್ಕ ಏಳಲಿಲ್ಲ.

"ತಡಿ ತಾಯಿ. ಎಷ್ಟಿದ್ವು ಅವು?"

"ಹನ್ನೊಂದಮ್ಮ."

"ಒಂದು ತೆಗ್ದ ಮೇಲೆ ಇನ್ನೊಂದು ತೆಗಿಯೋಕೆ ಆ ಮಿಷನ್ನಿಗೆ ಎಷ್ಟೊತ್ತು ಬೇಕು?"

ಸಿಂಧು ಇದ್ದದ್ದು ಇದ್ದ ಹಾಗೆ ಹೇಳುವ ಹುಡುಗಿ. "ಬೇಗ ಆಗಲ್ಲಮ್ಮ. ಫೋಟೋ ಕಾರ್ಡಿಗೆ ಹೋಗಿ ಕೂರೋಕೇ ಹತ್ತು ಸೆಕೆಂಡು ಬೇಕು. ಅಲ್ಲೀವರ್ಗೂ ಕಾಯ್ಬೇಕು" ಎಂದಳು. ಹೇಳಿದ ಮೇಲೆ ಅವಳಿಗೆ ಗೊತ್ತಾಯಿತು. ಪರದೆಯ ಮೇಲೆ ಪ್ರತಿ ಫೋಟೋದ ಹೆಸರಿನ ಪಕ್ಕ ಹೊತ್ತೂ ಬರೆದಿತ್ತು. ಮೊದಲನೆಯದು ಹನ್ನೊಂದು ನಲವತ್ತೆರಡು. ಕೊನೆಯದು ಹನ್ನೊಂದು ನಲವತ್ತನಾಲ್ಕು.

"ಹಂಗಾದ್ರೆ ಅವನು ಕಾಯ್ತಿದ್ದ" ಎಂದಳು ಮಾರಕ್ಕ. ದನಿ ಏರಿಸಲಿಲ್ಲ. "ಒಂದು ಕೂರ್ಲಿ, ಆಮೇಲೆ ಇನ್ನೊಂದು ತೆಗಿಯೋಣ ಅಂತ. ನನ್ ಗಂಡ ಕೈ ಚಾಚ್ಕೊಂಡೇ ಇದ್ದ. ನಿನ್ ತಮ್ಮ ಕಡೀಲಿಲ್ಲ ವರಲಕ್ಷ್ಮಮ್ಮ, ಹೇಳ್ತೀನಿ, ನಿಜ ಹೇಳ್ತೀನಿ. ಒಂದ್ಸಲ ಆ ಕೈ ಹಿಡಿದು ಎಳ್ಕೊಂಡಿದ್ರೆ ಆಗ್ತಿತ್ತಲ್ಲ?"

ಹಾಗೆ ಎಳೆಯಲು ಹೋಗಿದ್ದರೆ ಅವನನ್ನೂ ಕಡಿಯುತ್ತಿದ್ದರು ಎನ್ನಬಹುದಿತ್ತು. ಫೋಟೋ ಇಲ್ಲದಿದ್ದರೆ ಇವತ್ತು ನಿನಗೆ ನಿಜವೇ ಗೊತ್ತಾಗುತ್ತಿರಲಿಲ್ಲ ಎಂದೂ ಅನ್ನಬಹುದಿತ್ತು. ನಾನು ಕೈ ಚಾಚಿ ಪರದೆಯನ್ನು ಆರಿಸಿದೆ.

ಮಾರಕ್ಕ ಹೇಳಿದ ಮಾತಿಗೆ ತಪ್ಪಲಿಲ್ಲ. ಸ್ಟೇಷನ್ನಿನಲ್ಲಿ ಕೇಳಲಿಲ್ಲವೆಂದು ಬೆಂಗಳೂರಿಗೆ ಬಸ್ಸು ಹತ್ತಿ, ಪೊಲೀಸಿನ ದೊಡ್ಡ ಸಾಹೇಬರ ಕಚೇರಿಯ ಮೆಟ್ಟಿಲ ಮೇಲೆ ಎರಡು ದಿನ ಕೂತು, ಹೊಸದಾಗಿ ಹೆಬ್ಬೆಟ್ಟು ಒತ್ತಿ ಬಂದಳು. ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದ ಅನಿಲ್‌ಕುಮಾರನನ್ನು ಆಸ್ಪತ್ರೆಯ ಮಂಚದಿಂದಲೇ ಎತ್ತಿಕೊಂಡು ಹೋದರು. ಎಂಟನೆಯ ದಿನ ಬೆಳಿಗ್ಗೆ ಕಾಂತರಾಜುವನ್ನು ಬಿಟ್ಟರು.

ಸ್ಟೇಷನ್ನಿನ ಗೇಟಿನ ಹೊರಗೆ ನಾನು ನಿಂತಿದ್ದೆ. ಅವನು ಅಂಗಾಲು ಊರಲಾರದೆ, ಪಾದದ ಅಂಚಿನ ಮೇಲೆ ನಡೆಯುತ್ತ, ಪಕ್ಕೆ ಹಿಡಿದುಕೊಂಡು ಬಂದ. "ಅಕ್ಕಾ, ಫೋಟೋ ಸಿಕ್ತಾ?" ಎಂದ. ಎಂಟು ದಿನದ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು.

"ಸಿಕ್ತು. ಹನ್ನೊಂದೂ ಸಿಕ್ತು" ಎಂದೆ. "ಎಷ್ಟೊತ್ತು ನಿಂತಿದ್ದೆಯೋ ಅಲ್ಲಿ?"

ಅವನು ನನ್ನ ಕಣ್ಣು ನೋಡಿದ. ನಾನೇನು ಕೇಳುತ್ತಿದ್ದೇನೆಂದು ಅವನಿಗೆ ಗೊತ್ತಾಯಿತು. ಬಹುಶಃ ಒಳಗಿದ್ದ ಎಂಟು ದಿನವೂ ಅವನು ಅದನ್ನೇ ಲೆಕ್ಕ ಹಾಕಿದ್ದ. "ಎರಡು ನಿಮಿಷ ಅಕ್ಕಾ" ಎಂದು ತಲೆ ತಗ್ಗಿಸಿದ.

ನನ್ನ ಕೈ ತಾನಾಗಿ ಮೇಲೆದ್ದಿತು. ಅವನು ತಪ್ಪಿಸಿಕೊಳ್ಳಲಿಲ್ಲ, ಮುಖವನ್ನು ಮುಂದೆ ಚಾಚಿದ. ಎಡಗಣ್ಣು ಮುಚ್ಚಿಹೋಗಿತ್ತು, ತುಟಿ ಸೀಳಿತ್ತು, ದವಡೆ ಒಂದು ಕಡೆಗೆ ಊದಿಕೊಂಡಿತ್ತು. ಹೊಡೆಯೋಣವೆಂದರೆ ಆ ಮುಖದಲ್ಲಿ ಜಾಗವೇ ಇರಲಿಲ್ಲ. ಕೈ ಇಳಿಸಿ ಅವನ ತೋಳಿನ ಕೆಳಗೆ ಹಾಕಿ, ಭಾರ ನನ್ನ ಮೇಲೆ ಬೀಳುವ ಹಾಗೆ ಹಿಡಿದುಕೊಂಡೆ.

"ಮನೆಗೆ ಆಮೇಲೆ ಹೋಗೋಣ" ಎಂದೆ. "ಮೊದ್ಲು ಮಾರಕ್ಕನ ಹತ್ರ ನಡಿ."